ಸಲಾಕೆಯಿಲ್ಲದ ಕಿಟಕಿ

ಮೆಹಕರದ ಪುತಳಾಬಾಯಿ ಬಾಯಿ ತೆರೆದರೆ ಸಂತೆಯ ಗದ್ದಲವೂ ತಗ್ಗಬೇಕು, ಅಂಥ ಹೆಂಗಸು. ಡಾಬಕಾದ ಕುರಿಗಾರರ ಮನೆಯಿಂದ ಸೊಸೆಯಾಗಿ ಬಂದವಳು. ಕುರಿ ತಪ್ಪಿದರೆ ಬೈಗುಳ, ಮಳೆ ತಪ್ಪಿದರೆ ಬೈಗುಳ. ದೇವರಿಗೂ ಅವಳ ಬಾಯಿಂದ ಬಿಡುಗಡೆಯಿರಲಿಲ್ಲ. ಅತ್ತೆ ಅಂಜನಾಬಾಯಿಯೂ ಅದೇ ಜಾತಿಯ ಮೆಣಸಿನಕಾಯಿ. ಇಬ್ಬರ ಜಗಳ ಕೇಳಿ ಓಣಿಯವರು ಹೊತ್ತು ಕಳೆಯುತ್ತಿದ್ದರು. ಅಂಥ ಅತ್ತೆ ಸತ್ತದ್ದು ಹೇಗೆಂಬ ಮಾತನ್ನು ಮಾತ್ರ ಪುತಳಾಬಾಯಿ ಗಂಡನೆದುರು ಆಡದೆ ನುಂಗಿಕೊಂಡಿದ್ದಳು.

ರಜಾಕಾರರು ಗಡಿಯ ಊರುಗಳ ಮೇಲೆ ಬೀಳುತ್ತಿದ್ದ ಬೇಸಿಗೆ ಅದು. ಜನ ಗಂಟುಮೂಟೆ ಕಟ್ಟಿ ಗಡಿ ದಾಟುತ್ತಿದ್ದಾಗ ಅಂಜನಾಬಾಯಿ ಜಪ್ಪಯ್ಯ ಎಂದರೂ ಹೊಸ್ತಿಲು ಬಿಡಲಿಲ್ಲ. "ಹಗೇವಿನಾಗ ಜ್ವಾಳ ಅದ. ಬಿಟ್ಟು ಎಲ್ಲಿಗಿ ಬರ್ಲಿ?" ಎಂದು ಕೂತುಬಿಟ್ಟಳು. ಊರವರು ಆಗ ಒಂದು ಉಪಾಯ ಕಂಡುಕೊಂಡಿದ್ದರು. ಬರಲೊಲ್ಲದ ಮುದುಕರನ್ನು ಒಳಗಿಟ್ಟು ಹೊರಗಿನಿಂದ ಕೀಲಿ ಹಾಕುವುದು. ಕೀಲಿ ಕಂಡರೆ ಖಾಲಿ ಮನೆಯೆಂದು ಬಂದವರು ಮುಂದೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಹಾಗೆಯೇ ಆಗಿತ್ತು ಕೂಡ. ಪುತಳಾಬಾಯಿಯ ಗಂಡ ಮಡೆಪ್ಪನೂ ತಾಯಿಯ ಮುಂದೆ ರೊಟ್ಟಿ, ನೀರು ಇಟ್ಟು, ಕೀಲಿ ಹಾಕಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದ. ಬಂದವರು ಕೀಲಿ ಮುಟ್ಟಲಿಲ್ಲ, ಮನೆಗೇ ಬೆಂಕಿ ಇಟ್ಟರು. ಮಣ್ಣಿನ ಮಾಳಿಗೆಯ ಆ ಮನೆಗೆ ಇದ್ದದ್ದು ಒಂದೇ ಬಾಗಿಲು, ನೆತ್ತಿಯ ಮೇಲೊಂದು ಬೆಳಕಿಂಡಿ. ಆ ಓಣಿಯ ಯಾವ ಮನೆಗೂ ಕಿಟಕಿ ಇರಲಿಲ್ಲ. ಮುದುಕಿ ಹೊರಬರಲಾಗದೆ ಸತ್ತಳು. ಸುದ್ದಿ ಕೇಳಿದ ದಿನದಿಂದ ಮಡೆಪ್ಪ ತಾಯಿಯ ಸುದ್ದಿಯನ್ನೇ ಎತ್ತಲಿಲ್ಲ.

ರಜಾಕಾರರನ್ನು ಅಡಗಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಜನ ಮರಳಿದರು. ಮರುವರ್ಷ ಮಡೆಪ್ಪ ಹಳೆಯ ಪಾಯದ ಮೇಲೆಯೇ ಗೋಡೆ ಎಬ್ಬಿಸಿದ. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ಪುತಳಾಬಾಯಿ ಬಾಯಿ ತೆರೆದಳು.

"ಏನ್ರಿ, ಹಿಂದಿನ ಗ್ವಾಡಿಗಿ ಒಂದು ಖಿಡಕಿ ಇಡಸ್ರಿ."

"ಯಾಕ?"

"ಒಲಿ ಹೊಗಿ ಹೋಗ್ಲಕ್ಕ. ನನ್ನ ಕಣ್ಣು ಹೋದ ಮ್ಯಾಲ ನಿಮಗ ರೊಟ್ಟಿ ಯಾರು ಬಡದು ಹಾಕ್ತಾರ?"

ಹೊಗೆಯ ಮಾತು ನೆಪ. ಹೊರಬೀಳಲು ಎರಡನೆಯ ದಾರಿಯಿಲ್ಲದ ಮನೆಯೊಳಗೆ ಮಕ್ಕಳನ್ನು ಮಲಗಿಸುವ ಧೈರ್ಯ ಅವಳಿಗಿರಲಿಲ್ಲ. ಅದನ್ನು ಬಿಚ್ಚಿ ಹೇಳಿದರೆ, ಕೀಲಿ ಹಾಕಿದವನು ನೀನೇ ಎಂದು ಗಂಡನ ಮುಖಕ್ಕೇ ಹೇಳಿದಂತಾಗುತ್ತಿತ್ತು. ಊರಿಗೆಲ್ಲ ಬೈಯುವವಳಿಗೆ ಅದೊಂದು ಮಾತು ಬಾಯಿಗೆ ಬರುತ್ತಿರಲಿಲ್ಲ.

ಭಾಲ್ಕಿಯಿಂದ ಬಡಿಗ ಅಬ್ದುಲ ಅಜೀಜ ಬಂದ. ಆ್ಯಕ್ಷನ್ ಆದ ಮೇಲಿನ ದಿನಗಳಲ್ಲಿ ಸೇಡಿಗೆ ಬಿದ್ದವರಿಗೆ ಅಂಜಿ ತಾನೂ ತಿಂಗಳುಗಟ್ಟಲೆ ಅಡಗಿ ಕೂತು, ಈಗಷ್ಟೇ ಉಳಿ ಬಾಚಿ ಹಿಡಿದು ಹೊರಬಿದ್ದವನು. ನೆರೆಮನೆಯ ಕಾಶೀರಾಮ ಮೂಗು ಮುರಿದ. "ಇವನ್ನೇ ಕರೀಬೇಕಿತ್ತೇನು?"

"ಮನಿ ಸುಟ್ಟವ್ರು ಬ್ಯಾರಿ, ಮನಿ ಕಟ್ಟಾಂವ ಬ್ಯಾರಿ" ಎಂದಳು ಪುತಳಾಬಾಯಿ. "ನಿನಗ ಚೌಕಟ್ಟು ಮಾಡ್ಲಕ್ಕ ಬರ್ತದೇನು? ಬರ್ತಿದ್ರ ಬಾ, ಮಾಡು." ಕಾಶೀರಾಮನಿಗೆ ತಟ್ಟನೆ ಹೊಲದ ಕೆಲಸ ನೆನಪಾಯಿತು.

ಅಜೀಜ ಗೋಡೆಯ ಹತ್ತಿರ ನಿಂತು ಕೇಳಿದ. "ಹ್ಯಾಂಗ ಬೇಕ್ರಿ ಬಾಯಿ? ಕಟಗಿ ಜಾಳಿಗಿ ಕೂಡಸ್ಲ್ಯಾ, ಕಬ್ಬಣದ ಸಲಾಕಿ ಹಾಕ್ಲ್ಯಾ?"

"ಜಾಳಿಗಿನೂ ಬ್ಯಾಡ, ಸಲಾಕಿನೂ ಬ್ಯಾಡ. ಬರೇ ಕದ."

ಮಣ್ಣು ತುಳಿಯುತ್ತಿದ್ದ ಮಡೆಪ್ಪ ಸಿಟ್ಟಿನಿಂದ ಎದ್ದು ಬಂದ. "ಹುಚ್ಚು ಹಿಡದದೇನು ನಿನಗ? ಯಾರರೆ ಒಳಗ ನುಗ್ಗಿದ್ರ? ಕಳ್ಳನ ಕೈಯಾಗ ಕೀಲಿ..."

ಕೀಲಿ ಎಂಬ ಮಾತಿಗೆ ಗಾದೆ ಅಲ್ಲಿಗೇ ನಿಂತಿತು. ಅವನ ಮುಖ ಕಪ್ಪಿಟ್ಟಿತು. ತಿರುಗಿ ಹೋಗಿ ಮಣ್ಣಿನ ಪಕ್ಕ ಕುಕ್ಕರಿಸಿದ. ಅವನಿಗೆ ಒಳಗೆ ಬರುವವರ ಅಂಜಿಕೆ, ಅವಳಿಗೆ ಹೊರಗೆ ಹೋಗಲಾಗದವರ ಅಂಜಿಕೆ. ಆ ವರ್ಷಗಳನ್ನು ಕಂಡವರು ಯಾರ ಅಂಜಿಕೆಯನ್ನೂ ಸುಳ್ಳೆನ್ನಲಾರರು.

ಅಜೀಜ ಮೆಲ್ಲಗೆ ಹೇಳಿದ. "ಒಳಗಿಂದ ಗಟ್ಟಿ ಅಗಳಿ ಇಡ್ತೇನಿ ಮಡೆಪ್ಪಣ್ಣಾ. ಹೊರಗಿನವ್ರಿಗಿ ತೆಗೀಲಕ್ಕ ಬರಂಗಿಲ್ಲ." ಆಮೇಲೆ ಪುತಳಾಬಾಯಿಯ ಕಡೆ ತಿರುಗಿದ. "ಅಳತಿ ಹೇಳ್ರಿ. ಹೊಗಿ ಹೋಗ್ಲಕ್ಕಾದ್ರ ಒಂದು ಗೇಣು ಸಾಕು."

ಈಗಲೂ ಹೊಗೆಯ ನೆಪದಲ್ಲೇ ಪಾರಾಗಬಹುದಿತ್ತು. ಆದರೆ ಒಂದು ಗೇಣಿನ ಕಿಟಕಿಯಿಂದ ಏನಾಗಬೇಕು?

"ಒಂದು ಮನುಷ್ಯಾ ಹೊರಗ ಬರೂವಷ್ಟು ಬೇಕು, ಅಜೀಜಭಾಯಿ" ಎಂದಳು. ಗಂಡನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಜೀಜ ಅರ್ಧ ಎದ್ದ ಗೋಡೆಯ ಮೇಲೆ ಕಿಟಕಿಯ ಎರಡು ಅಂಚಿಗೆ ಎರಡು ಕಲ್ಲು ಇಟ್ಟು, "ಇಷ್ಟು ಸಾಕೇನ್ರಿ?" ಎಂದ. ಪುತಳಾಬಾಯಿ ತಲೆಯಾಡಿಸಿದಳು.

ಮಡೆಪ್ಪ ಎದ್ದು ಬಂದ. ಕೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ. ಕಲ್ಲುಗಳನ್ನು ಕಿತ್ತೆಸೆಯುತ್ತಾನೆಂದೇ ಅವಳು ಅಂದುಕೊಂಡಳು. ಅವನು ಆ ಎರಡರ ನಡುವಿನ ಜಾಗವನ್ನು ನೋಡಿದ. ಆಮೇಲೆ ಒಂದು ಕಲ್ಲನ್ನು ಎರಡೂ ಕೈಯಿಂದ ಹಿಡಿದು ಆಚೆಗೆ ಸರಿಸಿದ.

"ಅಷ್ಟು ಸಾಲಂಗಿಲ್ಲ" ಎಂದ. "ನಮ್ಮವ್ವ ದಪ್ಪ ಇದ್ಲು."