ಸಾವ್ಕಾರ್ರ ಊಟ

ನಿನ್ನೆ ಮಾನ್ವಿಯಲ್ಲಿ ನಮ್ಮ ಕಾಲೇಜಿನ ಕಾರಿಡಾರಿಗೆ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೊರಟಿದ್ದವಳು ಒದ್ದೆ ನೆಲದ ಅಂಚಿನಲ್ಲಿ ನಿಂತುಬಿಟ್ಟೆ. ಜಾರೀತೆಂಬ ಭಯದಿಂದಲ್ಲ. ಇನ್ಸುಲಿನ್‌ಗೆ ಹೆಚ್ಚುಕಡಿಮೆ ಇಂಥದೇ ವಾಸನೆ. ಸೂಜಿಯ ತುದಿಯಿಂದ ಒಂದು ಹನಿ ಬೆರಳ ಮೇಲೆ ಬಿದ್ದರೂ ಸಾಕು, ಸೋಪು ಹಚ್ಚಿ ತೊಳೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಅದು ಇದ್ದದ್ದು ಬೆಕ್ಕಿಗೆ.

ನೀವು ನಗಬಹುದು. ಮೊದಲ ದಿನ ನಾನೂ ನಕ್ಕಿದ್ದೆ.

ಬೆಕ್ಕು ನನ್ನದಲ್ಲ, ನನ್ನ ಸೋದರತ್ತೆಯದು. ಅತ್ತೆಯ ಗಂಡ ದೇವದುರ್ಗದ ಒಂದು ರೈಸ್‌ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ಅಕ್ಕಿ ಚೀಲಗಳ ಮೇಲೆ ಹುಟ್ಟಿ ಬೆಳೆದ ಈ ಗಂಡುಬೆಕ್ಕು ಮಿಲ್ಲಿನ ಮಾಲೀಕರಿಗಿಂತ ಗತ್ತಿನಿಂದ ಕೂರುತ್ತಿತ್ತಂತೆ, ಅದಕ್ಕೇ ಹಮಾಲರು ‘ಸಾವ್ಕಾರ’ ಎಂದು ಹೆಸರಿಟ್ಟರಂತೆ. ಮಾವ ತೀರಿಕೊಂಡ ಮೇಲೆ ಅತ್ತೆ ರಾಯಚೂರಿಗೆ ನನ್ನ ಜೊತೆ ಇರಲು ಬಂದಳು. ಒಂದು ಟ್ರಂಕು, ಒಂದು ಬುಟ್ಟಿ. ಬುಟ್ಟಿಯೊಳಗಿಂದ ಕೂಗು ಕೇಳಿ ಕಂಡಕ್ಟರ್, “ಯವ್ವಾ, ಇದಕ್ಕೂ ಟಿಕೇಟ್ ತಗಸಬೇಕಾಗ್ತದ” ಎಂದನಂತೆ. “ಸಾವ್ಕಾರ್ರು ಎಲ್ಲಿ ಟಿಕೇಟ್ ತಗಸ್ತಾರಪ್ಪಾ?” ಎಂದಳಂತೆ ಅತ್ತೆ. ಈ ಮಾತನ್ನು ಅತ್ತೆ ಹೇಳಿದ್ದೋ, ಅವಳು ಹೇಳಿದ ಇನ್ನಾವುದಕ್ಕೋ ನಾನೇ ಹೊಳಪು ಕೊಟ್ಟದ್ದೋ, ಈಗ ಖಾತ್ರಿಯಿಲ್ಲ. ನನ್ನ ನೆನಪುಗಳೆಲ್ಲ ಹೀಗೆಯೇ, ಸ್ವಲ್ಪ ಹೆಚ್ಚು ಚೆನ್ನಾಗಿರುತ್ತವೆ.

ಒಂದಂತೂ ಖರೆ. ಆ ಮನೆಯಲ್ಲಿ ಬಹುವಚನ ಬೆಕ್ಕಿಗೆ, ಏಕವಚನ ನನಗೆ. “ಬರ್ರಿ ಸಾವ್ಕಾರ್ರ, ಹಾಲು ಆರಾಕತ್ತಾವ” ಎಂದು ಅದನ್ನು ಕರೆದ ಬಾಯಿಂದಲೇ, “ಏಳಬೇ, ಬಸ್ ಹೋಗ್ತದ” ಎಂದು ನನ್ನನ್ನು ಎಬ್ಬಿಸುತ್ತಿದ್ದಳು. ಪಿಎಚ್.ಡಿ. ಮಾಡಿದರೂ ಈ ಅಂತರ ಕಡಿಮೆಯಾಗಲಿಲ್ಲ.

ಸಾವ್ಕಾರ ಹಾಲು ಅನ್ನ ತಿಂದು ದುಂಡಗಿದ್ದ. ಆಮೇಲೆ ಇದ್ದಕ್ಕಿದ್ದಂತೆ ಇಳಿಯತೊಡಗಿದ. ಬಚ್ಚಲ ಬಕೀಟಿಗೆ ಮುಖ ಹಾಕಿ ನೀರು ಕುಡಿದದ್ದೇ ಕುಡಿದದ್ದು. ಹಿಂಗಾಲು ಮಡಚಿ, ಹಿಮ್ಮಡಿ ನೆಲಕ್ಕೆ ಊರಿ ಮುದುಕರ ಹಾಗೆ ನಡೆಯುತ್ತಿದ್ದ. ದನದ ದವಾಖಾನೆಗೆ ಒಯ್ದೆವು. ಅಲ್ಲಿ ಎಮ್ಮೆ ಹಿಡಿದುಕೊಂಡು ನಿಂತಿದ್ದವನೊಬ್ಬ ಅತ್ತೆಯ ಬುಟ್ಟಿಗೆ ಇಣುಕಿ, “ದಿನಕ್ಕ ಎಷ್ಟ್ ಹಾಲು ಕೊಡ್ತದ್ರೀ ಇದು?” ಎಂದ. ಅತ್ತೆ ಮುಖ ತಿರುಗಿಸದೆ, “ಕೊಡೂದಿಲ್ಲಪ್ಪಾ, ಕುಡೀತಾರ” ಎಂದಳು.

ಡಾಕ್ಟರು ಕಿವಿಯ ಅಂಚಿಗೆ ಚುಚ್ಚಿ, ಮನುಷ್ಯರಿಗೆ ನೋಡುವ ಪುಟ್ಟ ಮೀಟರಿನಲ್ಲೇ ರಕ್ತ ನೋಡಿದರು. “ಅಮ್ಮಾರ, ಇದಕ್ಕ ಸುಗರ್ ಅದ. ಹಾಲು, ಅನ್ನ, ರೊಟ್ಟಿ ಎಲ್ಲಾ ಬಂದ್. ಮಾಂಸ ಹಾಕ್ರಿ.”

“ನಾವು ಲಿಂಗಾ ಕಟ್ಟಿದವ್ರು ರೀ.”

“ನೀವು ಕಟ್ಟೀರಿ. ಬೆಕ್ಕು ಕಟ್ಟಿಲ್ಲಲ್ರೀ.”

ಎಮ್ಮೆಯವನೂ ನಕ್ಕ, ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, “ನಮ್ಮನಿ ಅನ್ನಾ ಉಂಡೇ ಬ್ಯಾನಿ ಬಂತೇನು ಅವಗ?” ಎಂದಳು. ಹೆದರಿದಾಗ ಅವಳ ಬಹುವಚನ ಕಳಚಿ ಬೀಳುತ್ತದೆ ಎಂಬುದನ್ನು ನಾನು ಗಮನಿಸಿದ್ದು ಅವತ್ತೇ. ಮಾವ ಹೋದ ಮೇಲೆ ಅವಳಿಗೆ ದೇವದುರ್ಗದಿಂದ ಉಳಿದು ಬಂದ ಜೀವ ಅದೊಂದೇ. ಟ್ರಂಕಿನಲ್ಲಿದ್ದದ್ದು ಬರೀ ಬಟ್ಟೆ.

ಆಮೇಲೆ ನಮ್ಮ ಮನೆಯ ದಿನಗಳು ಒಂದು ಬೆಕ್ಕಿನ ಸುತ್ತ ಹೊಸೆದುಕೊಂಡವು. ಪಕ್ಕದ ಮನೆಯ ನೂರ್ ಆಪಾ ಉಪ್ಪು ಖಾರ ಹಾಕದೆ ಕೋಳಿ ಬೇಯಿಸಿ ಗೋಡೆಯ ಮೇಲಿಂದ ಬಟ್ಟಲು ದಾಟಿಸುತ್ತಿದ್ದರು. ಅತ್ತೆ ಅದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಇಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಅವನು ಮುಗಿಸುವ ತನಕ ಅಲ್ಲೇ ಕಾದು ಕೂರುತ್ತಿದ್ದಳು. ಮುಂಜಾನೆ ಬಸ್ಸಿಗೆ ಹೋಗುವ ಮೊದಲು, ಸಂಜೆ ಬಸ್ಸಿನಿಂದ ಬಂದ ಮೇಲೆ ಸೂಜಿ ಹಾಕುವುದು ನನ್ನ ಕೆಲಸ. ಕತ್ತಿನ ಹಿಂದಿನ ತೊಗಲನ್ನು ಚಿಮುಟಿ ಎತ್ತಿ ಚುಚ್ಚಿದರೆ ಅವನು ತಿರುಗಿ ಸಹ ನೋಡುತ್ತಿರಲಿಲ್ಲ. ಡಾಕ್ಟರು ಕಟ್ಟಪ್ಪಣೆ ಮಾಡಿದ್ದು ಒಂದೇ: “ಮೊದ್ಲು ಊಟ, ಆಮ್ಯಾಲೆ ಸೂಜಿ. ಉಣ್ಲಿಲ್ಲಂದ್ರ ನನಗ ಫೋನ್ ಹಚ್ಚ್ರಿ, ಸೂಜಿ ಹಚ್ಚಬ್ಯಾಡ್ರಿ. ಖಾಲಿ ಹೊಟ್ಟ್ಯಾಗ ಹಾಕಿದ್ರ ಜೀವಕ್ಕ ಬರ್ತದ.”

ಬೇಸಿಗೆಯಲ್ಲಿ ಇನ್ನೊಂದು ಪಾಡು. ನಾಡಿಗೆಲ್ಲ ಕರೆಂಟು ಕಳಿಸುವ ಊರಿನಲ್ಲಿ ಕರೆಂಟು ಹೋಗುತ್ತದೆ. ಫ್ರಿಜ್ಜು ಬೆವರತೊಡಗಿದರೆ ಅತ್ತೆ ಔಷಧಿ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಣ್ಣಿನ ಗಡಿಗೆಯೊಳಗಿಟ್ಟು, ಕೂಸಿಗೆ ಗಾಳಿ ಹಾಕಿದಂತೆ ಬೀಸಣಿಗೆ ಬೀಸುತ್ತಿದ್ದಳು. ಮುಂಗಾರಿನ ಹೊತ್ತಿಗೆ ಸಾವ್ಕಾರ ಮತ್ತೆ ಗೋಡೆ ಹತ್ತಿದ. ಅದನ್ನು ನೋಡಿ ಅತ್ತೆ, “ನೋಡು, ಸಾವ್ಕಾರ್ರು ವಸೂಲಿಗೆ ಹೊಂಟ್ರು” ಎಂದಳು. ಬಹುವಚನ ಮರಳಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನೆನಪು ಇಲ್ಲಿ ನಿಲ್ಲುವುದಿಲ್ಲ.

ನಮ್ಮ ಕಡೆ ಯಾರು ಎದುರಾದರೂ ಮೊದಲ ಮಾತು ‘ಊಟ ಆತೇನು’. ಅದಕ್ಕೆ ಉತ್ತರವೂ ಒಂದೇ, ‘ಆತು, ನಿಂದು?’ ಉಂಡಿದ್ದರೂ ಆತು, ಹೊಟ್ಟೆ ಚುರುಗುಟ್ಟುತ್ತಿದ್ದರೂ ಆತು. ಇಲ್ಲ ಎಂದರೆ ಕೇಳಿದವರು ಎಲೆ ಹಾಕಬೇಕಾಗುತ್ತದೆ, ಯಾಕೆ ಅವರಿಗೆ ತೊಂದರೆ? ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ನಮಸ್ಕಾರಕ್ಕೆ ನಮಸ್ಕಾರ.

ಕಳೆದ ಶ್ರಾವಣದ ಮೊದಲ ಸೋಮವಾರ. ಶ್ರಾವಣ ಬಂದದ್ದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದದ್ದು ಪರೀಕ್ಷೆಗಳು ಮಾತ್ರ. ಸಂಜೆ ಬಂದಾಗ ಅತ್ತೆ ಒಳಗೆ ದೇವರ ಜಗುಲಿಯ ಮುಂದೆ ಪೂಜೆಗೆ ಕೂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಹಿತ್ತಲಿನಲ್ಲಿ ಸಾವ್ಕಾರನ ಬಟ್ಟಲು ತೊಳೆದು ಬೋರಲು ಹಾಕಿತ್ತು. ನಾನು ಬಾಗಿಲಲ್ಲೇ ನಿಂತು ಕೇಳಿದೆ. ಅತ್ತೆ ತಿರುಗದೆಯೇ ಹೇಳಿದಳು, “ಆತು. ನಿಂದು?”

ಆ ‘ನಿಂದು’ ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ. ಸೂಜಿ ಹಾಕಿದೆ.

ಅತ್ತೆಗೆ ಅವತ್ತು ಒಪ್ಪತ್ತು, ದೀಪ ಹಚ್ಚಿದ ಮೇಲೆಯೇ ಊಟ. ಶ್ರಾವಣ ಸೋಮವಾರ ಹೊತ್ತು ಮುಳುಗುವ ಮೊದಲು ಕೋಳಿ ನಮ್ಮ ಮನೆಯ ಗೋಡೆ ದಾಟುವುದು ಬೇಡವೆಂದು, ಪೂಜೆ ಮುಗಿದ ಮೇಲೆ ಕಳಿಸಲು ಆಪಾಗೆ ಹೇಳಿದ್ದಳು. ಉಣ್ಣದೆ ಸೂಜಿಯಿಲ್ಲವಲ್ಲ, ಇವತ್ತು ಅದೂ ಸ್ವಲ್ಪ ತಡವಾಗುತ್ತದೆ, ಅಷ್ಟೇ, ಎಂದುಕೊಂಡಿದ್ದಳು. ಹಿಂದಿನ ರಾತ್ರಿಯ ಬಟ್ಟಲು ಮಡಿಗೆಂದು ಬೆಳಿಗ್ಗೆಯೇ ತೊಳೆದದ್ದು. ಮುಂಜಾನೆ ಗೋಡೆಯಾಚೆಯೇ ಆಪಾ ತಿನ್ನಿಸಿದ ಒಂದು ಮೊಟ್ಟೆ ಬಿಟ್ಟರೆ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ದೀಪ ಹಚ್ಚಿ, ಆಪಾ ಕೊಟ್ಟ ಬಟ್ಟಲು ಹಿಡಿದು ಅತ್ತೆ ಕರೆದಳು, “ಬರ್ರಿ ಸಾವ್ಕಾರ್ರ.” ಅವನು ಬಂದ. ಕುಡಿದವನ ಹಾಗೆ ಅಡ್ಡಡ್ಡ ನಡೆದು ಬಂದು, ಬಟ್ಟಲಿನ ಮುಂದೆ ಬಿದ್ದ. ಕಾಲುಗಳು ತಾವಾಗಿಯೇ ಗಾಳಿಯಲ್ಲಿ ಓಡುತ್ತಿದ್ದವು. ಡಾಕ್ಟರಿಗೆ ಫೋನ್ ಹಚ್ಚಿದೆ. “ಸಕ್ರಿ! ವಸಡಿಗೆ ಸಕ್ರಿ ನೀರು ಹಚ್ಚ್ರಿ, ಆಮ್ಯಾಲೆ ಮಾತಾಡ್ರಿ!” ಅತ್ತೆ ಜಗುಲಿಯ ಮೇಲೆ ನೈವೇದ್ಯಕ್ಕಿಟ್ಟ ಸಕ್ಕರೆಯನ್ನು ಬಾಚಿ ತಂದಳು. ಇಷ್ಟು ದಿನ ಅವನಿಂದ ದೂರವಿಟ್ಟ ಸಕ್ಕರೆಯನ್ನು ತನ್ನ ಮಡಿ ಬೆರಳಿನಿಂದ, ಕೋಳಿ ತಿನ್ನುವ ಆ ಬಾಯೊಳಗೆ ತಿಕ್ಕಿದಳು. “ಏಳೋ, ಏಳೋ ಯಪ್ಪಾ, ನನ್ನ ಬಿಟ್ಟು ಹೋಗಬ್ಯಾಡೋ.”

ಅವನು ಎದ್ದ. ಡಾಕ್ಟರು ಬಂದು ಸಲೈನ್ ಹಚ್ಚಿದರು. ಆದರೆ ಅವತ್ತು ಮಂಜಾದ ಅವನ ಕಣ್ಣು ಮತ್ತೆ ಸರಿಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದ. ಮತ್ತೆ ಗೋಡೆ ಹತ್ತಲಿಲ್ಲ. ಸಂಕ್ರಾಂತಿಗೆ ಮುಂಚೆ ಹೋಗಿಬಿಟ್ಟ. “ಅದರಿಂದಲ್ರೀ, ಕಿಡ್ನಿ ಹೋಗಿದ್ವು” ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಹಾಗಲ್ಲದೆ ಇನ್ನೇನು ಹೇಳಿಯಾರು ಎಂದು ನಾವಿಬ್ಬರೂ ಬೇರೆಬೇರೆಯಾಗಿ ಅಂದುಕೊಂಡೆವು.

ನನ್ನ ನೆನಪಿನಲ್ಲಿ ನಾನು ಅವತ್ತು ಕೇಳಿದ್ದು ಬರೀ “ಊಟ ಆತೇನು?” ಎಂದು. ಹಾಗಿದ್ದರೆ ಅತ್ತೆಯದೇನು ತಪ್ಪು? ಆದರೆ ಅತ್ತೆ ಒಪ್ಪುತ್ತಿರಲಿಲ್ಲ. “ಇಲ್ಲ, ನೀ ಸಾವ್ಕಾರ್ರದು ಊಟ ಆತೇನು ಅಂತ ಸ್ಪಷ್ಟ ಕೇಳಿದಿ. ನಾನ ದಿನದ ರೂಢೀಲೆ ಆತು ಅಂದುಬಿಟ್ಟೆ.” ಇಬ್ಬರು ಆರೋಪಿಗಳು ಒಂದೇ ಕಟಕಟೆಗೆ ನೂಕಾಡುವುದನ್ನು ನೀವು ನೋಡಿದ್ದೀರಾ? ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ನಡೆದದ್ದು ಅದೇ. ದಿನಚರಿ ಬರೆಯುವ ಚಟ ನನಗಿದೆ ನಿಜ. ಆದರೆ ಅದನ್ನು ಬರೆಯಲು ಕೂತದ್ದು ಮರುದಿನ, ಅಷ್ಟರಲ್ಲಿ ನನ್ನೊಳಗಿನ ವಕೀಲ ಎದ್ದು ನಿಂತಿದ್ದ. ಅವನು ನನ್ನ ಪರವೋ ವಿರುದ್ಧವೋ ನನಗೇ ತಿಳಿಯದು.

ಇನ್ನೇನು ಆಷಾಢ ಮುಗಿಯುತ್ತದೆ. ನಿನ್ನೆ ಮನೆಗೆ ಬಂದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. “ಈ ಸರ್ತಿ ಸೋಮವಾರ ಹಿಡಿಯೂದಿಲ್ಲವ್ವಾ” ಎಂದಳು. ಮದುವೆಗೆ ಮುಂಚಿನಿಂದ ಅವಳು ಬಿಡದೆ ಹಿಡಿದ ವ್ರತ. ನಾನು ಮತ್ತೆ ನನ್ನ ಹಳೆಯ ವಾದ ತೆಗೆದೆ, “ಅತ್ತಿ, ನಾ ಸರಿಯಾಗಿ ಕೇಳಿದ್ದಿಲ್ಲ. ನೀ ಯಾಕ...”

“ಸಾಕು ಬಿಡಬೇ” ಎಂದು ಅವಳು ಕೈಯೆತ್ತಿದಳು. “ನೀ ಏನ್ ಕೇಳಿದಿ ಅಂತ ಖರೇ ಅಂದ್ರ ನನಗ ನೆನಪಿಲ್ಲ. ನಿನ್ನ ಮ್ಯಾಲೆ ಬರಬಾರದಂತ ಹಂಗ ಅಂದೆ.”

ನಾನೂ ಅವಳ ಮೇಲೆ ಬರಬಾರದೆಂದೇ ನನ್ನ ನೆನಪನ್ನು ಕಟ್ಟಿಕೊಂಡಿದ್ದೆನೇ? ಮನಸ್ಸಿನಲ್ಲೇ ಮತ್ತೆ ಆ ಬಾಗಿಲಲ್ಲಿ ನಿಂತು ಅವತ್ತಿನ ನನ್ನ ದನಿಯನ್ನು ಕೇಳಿಸಿಕೊಳ್ಳಲು ನೋಡಿದೆ. ಏನೂ ಕೇಳಿಸಲಿಲ್ಲ. ಇಷ್ಟು ದಿನ ನಾವಿಬ್ಬರೂ ನಮ್ಮ ನಮ್ಮ ಪಾಪ ಜಗ್ಗಾಡುತ್ತ ಅವನನ್ನೇ ಮರೆತಿದ್ದೆವೇನೋ.

“ಒಂದು ನೆನಪದ” ಎಂದಳು ಅತ್ತೆ, ಒಗೆಯುವ ಕಲ್ಲಿನ ಕಡೆ ನೋಡುತ್ತ. “ಪೂಜಿಗೆ ಕುಂತಾಗ ಬಂದು ನನ್ನ ಬೆನ್ನಿಗೆ ತಲಿ ತಿಕ್ಕಿದ. ಮಡಿ ಅದ, ಆಕಡೆ ಹೋಗು ಅಂತ ಮೊಣಕೈಲೆ ನೂಕಿದೆ. ಹಸ್ತಿದ್ದ.”