ಟಕಟಕ ಅಕ್ಕ ಕಂಪ್ಯೂಟರ್ ಕೋಣೆಗೆ ಹೋದದ್ದು

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಅವರನ್ನು ಟಕಟಕ ಅಕ್ಕ ಅನ್ನುತ್ತಿದ್ದೆವು, ಅದೂ ಬೆನ್ನ ಹಿಂದೆ. ಎದುರಿಗೆ ಬರೀ ಅಕ್ಕ. ಇಪ್ಪತ್ತೆರಡು ವರ್ಷ ಒಂದೇ ಟೈಪ್‌ರೈಟರ್ ಮುಂದೆ ಕೂತವರು. ಕೈ ಓಡುತ್ತಿದ್ದಂತೆಯೇ ಬಾಯಿ ನಮ್ಮ ತಪ್ಪುಗಳಿಗೆ ಮಂಗಳಾರತಿ ಎತ್ತುತ್ತಿತ್ತು. ಪಕ್ಕದ ಮೇಜಿನ ಗುಮಾಸ್ತ ನಾನು; ಅದರಲ್ಲಿ ಸಿಂಹಪಾಲು ನನ್ನದೇ.

ಆ ವರ್ಷ ಕಂಪ್ಯೂಟರ್ ಬಂತು. ಹಳೆಯ ದಾಸ್ತಾನು ಕೋಣೆಗೆ ಬಣ್ಣ ಬಳಿದು, ಪರದೆ ಕಟ್ಟಿ, ಎ.ಸಿ. ಹಾಕಿಸಿದರು. ನಮಗೆ ಮಾತ್ರ ಗರಗರ ಅನ್ನುವ ಫ್ಯಾನೇ ಗತಿ. ಟೈಪ್‌ರೈಟರುಗಳನ್ನು ಹರಾಜು ಹಾಕುವುದೂ ತೀರ್ಮಾನವಾಗಿತ್ತು. ಕುಲಸಚಿವರು ಅಕ್ಕನನ್ನು ಕರೆಸಿದರು.

"ಈ ಸಲದ ಅಂಕಪಟ್ಟಿ ಇದರಲ್ಲೇ ಮಾಡಿ ನೋಡಿ. ಸರಿಹೋದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಹೊರಗಿನವರನ್ನ ತರ್ತೀವಿ, ನೀವೆಲ್ಲ ಟೈಪಿಸ್ಟ್‌ಗಳು ಟಪಾಲು ವಿಭಾಗಕ್ಕೆ ಹೋಗ್ಬೇಕಾಗುತ್ತೆ."

ಟಪಾಲು ವಿಭಾಗವೆಂದರೆ ದಿನವಿಡೀ ಲಕೋಟೆಗೆ ಗೋಂದು ಹಚ್ಚುವುದು. ಅಕ್ಕನಂಥವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಹತ್ತು ದಿನ ಕೂತು ಎಂಟುನೂರು ವಿದ್ಯಾರ್ಥಿಗಳ ಅಂಕ ತುಂಬಿಸಿದರು. ಹನ್ನೊಂದನೆಯ ದಿನ ಪಟ್ಟಿ ಅಚ್ಚಾಗಿ ಬಂತು. ತರಗತಿಗೇ ಮೊದಲು ಬರಬೇಕಿದ್ದ ಹುಡುಗಿ ಮೂರು ವಿಷಯಗಳಲ್ಲಿ ನಪಾಸು. ಎಂಬತ್ತೊಂದು ತೆಗೆದವಳಿಗೆ ಯಂತ್ರ ಎಂಟು ಕೊಟ್ಟಿತ್ತು. ಪ್ರೋಗ್ರಾಂ ಬರೆದ ಗಣಿತದ ಮೇಷ್ಟ್ರು ತಮ್ಮದೇನೂ ತಪ್ಪಿಲ್ಲ ಎಂದು ಕೈ ತೊಳೆದುಕೊಂಡರು. ಸುದ್ದಿ ಕೇಳಿ ನಾನೂ ನಕ್ಕೆ. ಅಕ್ಕನಿಗೂ ತಪ್ಪಾಗುತ್ತದಲ್ಲ ಎಂದು ಒಳಗೊಳಗೆ ಖುಷಿಪಟ್ಟೆ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಪಟ್ಟಿ ಸರಿಪಡಿಸಲು ಕುಲಸಚಿವರು ಅಕ್ಕನಿಗೆ ಮರುದಿನ ಸಂಜೆಯವರೆಗೆ ಗಡುವು ಕೊಟ್ಟರು.

ಮರುದಿನ ಊಟದ ಹೊತ್ತಿಗೆ ಕಂಪ್ಯೂಟರ್ ಕೋಣೆಗೆ ಹೋದೆ. ಅಕ್ಕನ ಕಣ್ಣು ಅತ್ತು ಕೆಂಪಾಗಿದ್ದವು.

"ನಗೋದಾದ್ರೆ ಆಚೆ ಹೋಗಿ ನಗು."

"ಇಲ್ಲಕ್ಕ. ನಾನು ರಿಜಿಸ್ಟರ್ ಓದ್ತೀನಿ, ನೀವು ಪಟ್ಟೀಲಿ ಗುರುತು ಹಾಕಿ."

ಅರ್ಧ ಗಂಟೆ ಓದಿರಬೇಕು. ಅಕ್ಕ ಪೆನ್ಸಿಲ್ ಕೆಳಗಿಟ್ಟರು.

"ಕೆಟ್ಟಿರೋದರಲ್ಲೆಲ್ಲ ಒಂದರ ಅಂಕಿ ಇದೆ ನೋಡು. ಬೇರೆಯವೆಲ್ಲ ಸರಿಯಾಗಿವೆ." ಆಮೇಲೆ ತಮ್ಮ ಬಲಗೈಯನ್ನೇ ದಿಟ್ಟಿಸಿದರು. "ಅಯ್ಯೋ, ಇದು ನನ್ನ ಕೈ ಕೆಲಸ ಕಣೋ. ನಮ್ಮ ಟೈಪ್‌ರೈಟರಲ್ಲಿ ಒಂದರ ಕೀಲೀನೇ ಇಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಒತ್ತೋದು, ನೋಡೋಕೆ ಒಂದರ ಥರಾನೇ ಕಾಣುತ್ತೆ. ಇಲ್ಲೂ ಅದನ್ನೇ ಒತ್ತಿದೀನಿ. ಕಾಗದ ಸುಮ್ನೆ ನಂಬ್ತಿತ್ತು. ಈ ಹಟಮಾರಿ ನಂಬಲ್ಲ, ಎಲ್ ಬಿಟ್ಟು ಬರೀ ಎಂಟು ಓದ್ಕೊಂಡಿದೆ."

ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಕೂತ ನನಗೆ ಇದು ಗೊತ್ತೇ ಇರಲಿಲ್ಲ.

ಮೇಷ್ಟ್ರು ಬಂದು, ಈ ಪಟ್ಟಿಯ ಮಟ್ಟಿಗೆ ಎಲ್ ಕಂಡಲ್ಲೆಲ್ಲ ಒಂದು ಎಂದು ಓದುವಂತೆ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದರು. ಮೂರು ಗಂಟೆಗೆ ಹೊಸ ಪಟ್ಟಿ ಬಂತು. ಹುಡುಗಿ ಮೊದಲ ಸ್ಥಾನದಲ್ಲಿದ್ದಳು. "ಯಂತ್ರದ ದೋಷ ಅಂದ್ಬಿಡಿ, ಯಾರು ಕೇಳ್ತಾರೆ?" ಎಂದು ಮೇಷ್ಟ್ರು ಉಪಾಯ ಹೇಳಿಕೊಟ್ಟರು. ನಾನೂ ಹೂಂಗುಟ್ಟಿದೆ. ಅಕ್ಕ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಎರಡು ಪಟ್ಟಿಗಳನ್ನೂ ಎತ್ತಿಕೊಂಡು ನೇರ ಕುಲಸಚಿವರ ಬಳಿ ಹೋದರು. ನಾನು ಹಿಂದೆಯೇ ಓಡಿದೆ.

"ತಪ್ಪು ನಂದೇ ಸಾರ್. ಕೈ ಅಭ್ಯಾಸ. ನಾನು ಮುಚ್ಚಿಟ್ರೆ ಉಳಿದ ಹನ್ನೊಂದು ಜನ ಟೈಪಿಸ್ಟ್‌ಗಳೂ ನಾಳೆ ಇದನ್ನೇ ಮಾಡ್ತಾರೆ. ಬೇಕಾದ್ರೆ ನನ್ನನ್ನ ಟಪಾಲಿಗೆ ಹಾಕಿ. ಅವರಿಗೆ ಮಾತ್ರ ಮೊದ್ಲು ಹೇಳಿಕೊಡಿ."

ಕುಲಸಚಿವರು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಹೇಳಿಕೊಡೋಕೆ ನಿಮ್ಮನ್ನ ಬಿಟ್ರೆ ಇಲ್ಲಿ ಇನ್ಯಾರಿಗೆ ಗೊತ್ತಿದೆ?" ಎಂದರು.

ಸೋಮವಾರ ಹನ್ನೊಂದು ಜನ ಟೈಪಿಸ್ಟ್‌ಗಳು ಆ ತಣ್ಣನೆಯ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಕರೆಯದಿದ್ದರೂ ನಾನೂ ಹಿಂದೆ ಕೂತೆ. ಅಕ್ಕ ಆ ಕೆಟ್ಟ ಪಟ್ಟಿಯನ್ನು ಗೋಡೆಗೆ ಅಂಟಿಸಿ, "ಇದು ನಾನು ಮಾಡಿದ್ದು. ಎಲ್ಲಿ ಎಡವಿದೆ ಅಂತ ಮೊದ್ಲು ತೋರಿಸ್ತೀನಿ," ಎಂದರು. ಎಲ್ಲರ ಮುಖ ಸಡಿಲವಾಯಿತು. ಅವರಲ್ಲಿ ಒಬ್ಬರೂ ಟಪಾಲು ವಿಭಾಗಕ್ಕೆ ಹೋಗಬೇಕಾಗಲಿಲ್ಲ.