ಪಾಮೇರಿಯನ್ ನಾಯಿಯ ಖಾಂದಾನಿ ಕುಣಿತ

ಗೆಳೆಯರೇ, ಮುಧೋಳದಲ್ಲಿ ನಾಯಿ ಡಾಕ್ಟರಾಗುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ಇಲ್ಲಿ ಎಲ್ಲರಿಗೂ ನಾಯಿಯ ಬಗ್ಗೆ ನನಗಿಂತ ಹೆಚ್ಚು ಗೊತ್ತು.

ಇವತ್ತು ಲೋಕಾಪುರದವರೊಬ್ಬರು ತಮ್ಮ ಗಂಡು ಪಾಮೇರಿಯನ್ನನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಇಂಜೆಕ್ಷನ್ ಹಾಕಿಸಲು ಬಂದರು. ಸುತ್ತಲಿನ ಊರುಗಳ ಹೆಣ್ಣುನಾಯಿಗಳೆಲ್ಲ ಮರಿಗಾಗಿ ಇದರ ಹತ್ತಿರವೇ ಬರುತ್ತವಂತೆ. ಚಿಕ್ಕ ಜಾತಿಯ ನಾಯಿಯಾದರೆ ನಾನು ಮೊಣಕಾಲು ಮುಟ್ಟಿ ನೋಡದೆ ಬಿಡುವುದಿಲ್ಲ. ನೋಡಿದೆ. ಬೆರಳು ತಾಗಿದ್ದೇ ತಡ, ಚಿಪ್ಪು ಪಕ್ಕಕ್ಕೆ ಜಾರಿತು. ಕೆಳಗೆ ಬಿಟ್ಟರೆ ಒಂದು ಹಿಂಗಾಲು ಎತ್ತಿಕೊಂಡು ಕುಪ್ಪಳಿಸುತ್ತ ಓಡಿತು.

"ಇದು ವಂಶದಾಗ ಬರೋ ಬ್ಯಾನಿ. ಮರಿಗೋಳಿಗೂ ಬರ್ತೈತಿ. ಇನ್ನ ಇದನ್ನ ಕ್ರಾಸಿಂಗ್‌ಗೆ ಬಿಡಬ್ಯಾಡ್ರಿ" ಎಂದೆ.

ಅವರು ನಕ್ಕರು. "ಬ್ಯಾನಿ ಅಲ್ರಿ ಸಾಹೇಬ್ರ, ಅದು ಕುಣಿತ! ಇದರವ್ವನೂ ಹಿಂಗ ಕುಣೀತಿತ್ತು, ಮರಿಗೋಳೂ ಕುಣೀತಾವ. ತಗೊಳ್ಳಾವ್ರು ಮೊದಲ ಕುಣಿಸಿ ನೋಡ್ತಾರ. ಕುಣೀಲಿಲ್ಲಂದ್ರ ಜಾತಿ ನಾಯಿ ಅಲ್ಲ ಅಂತ ಬಿಟ್ಟು ಹೋಗ್ತಾರ್ರಿ."

ವಂಶವಾಹಿಯ ಪಾಠವನ್ನು ನಾನೂ ಇಷ್ಟು ಚೆನ್ನಾಗಿ ಹೇಳಲಾರೆ. ಆ ಮರಿಗಳು ಮುಂದೆ ಕಾಲೂರಲಾಗದೆ ನರಳುವುದನ್ನು ಗಂಟಲು ಹರಿಯುವಂತೆ ವಿವರಿಸಿದೆ. ಅವರು ನಾಯಿಯನ್ನೆತ್ತಿಕೊಂಡು ನಡೆದೇಬಿಟ್ಟರು.

ಬಾಗಿಲಲ್ಲಿ ಚಿಮ್ಮಡದ ಅಕ್ಕ ಒಬ್ಬರು ತಮ್ಮ ಹೆಣ್ಣು ಪಾಮೇರಿಯನ್ ಹಿಡಿದುಕೊಂಡು ಇದೆಲ್ಲವನ್ನೂ ಕೇಳುತ್ತ ತಲೆಯಾಡಿಸುತ್ತಿದ್ದರು. ಒಬ್ಬರಿಗಾದರೂ ತಿಳಿಯಿತಲ್ಲ ಎಂದುಕೊಂಡೆ.

"ಸಾಹೇಬ್ರ, ಆ ಕುಣಿಯೋ ನಾಯಿಯವರ ಫೋನ್ ನಂಬರ್ ಐತೇನ್ರಿ?"

ನಾನು ಕೊಡಲಿಲ್ಲ. ಆದರೆ ಹೊರಗೆ ಆ ಹಾಳು ಬೈಕು ಇನ್ನೂ ಸ್ಟಾರ್ಟ್ ಆಗಿರಲಿಲ್ಲ.